ಬ್ಯಾಡಗಿಯಿಂದ ಹುಬ್ಬಳ್ಳಿಗೆ ಎಕ್ಸೆಲ್ ಫೈಲ್ ಕಳಿಸೋ ಮುಂಚೆ

ಬ್ಯಾಡಗಿಯ ಒಂದು ಮೆಣಸಿನಕಾಯಿ ಅಂಗಡಿಯ ಲೆಕ್ಕ ನಾನು ಬರೆಯುತ್ತೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಕ್ಸೆಲ್ 365, ಅಂಗಡಿಯ ಮುದಿ ಕಂಪ್ಯೂಟರ್‌ನಲ್ಲಿ 2003, ಹುಬ್ಬಳ್ಳಿಯಲ್ಲಿ ಲೆಕ್ಕ ನೋಡುವವರ ಹತ್ತಿರ 2016. ಒಂದೇ ಫೈಲ್ ಮೂರೂ ಕಡೆ ಓಡಾಡಬೇಕು.

ಫೈಲ್ ತೆರೆಯುತ್ತಿಲ್ಲ ಅಂತ ಫೋನ್ ಬಂದರೆ, ಯಾವ ವರ್ಷದ ಎಕ್ಸೆಲ್ ಅಂತ ಮೊದಲು ಕೇಳಿ. ಫೈಲ್ ಹೆಸರಿನ ಕೊನೆಯಲ್ಲಿ ಬರೋದು 2007ರಿಂದ ಈಚೆಗೆ ಎಕ್ಸ್‌ಎಲ್‌ಎಸ್‌ಎಕ್ಸ್, ಅದಕ್ಕೂ ಹಿಂದೆ ಬರೀ ಎಕ್ಸ್‌ಎಲ್‌ಎಸ್. ಹೆಸರಿನ ಕೊನೆಯ ಎಕ್ಸ್ ಅಳಿಸಿ ಕಳಿಸಿದರೆ ನಡೆಯಲ್ಲ, ನಾನೂ ಒಮ್ಮೆ ಹಾಗೆ ಮಾಡಿ ಬೈಸಿಕೊಂಡಿದ್ದೇನೆ. ಮೆಣಸಿನಕಾಯಿ ಚೀಲದ ಮೇಲೆ ಡಬ್ಬಿ ತಳಿ ಅಂತ ಬರೆದರೆ ಒಳಗಿರೋ ಕಡ್ಡಿ ತಳಿ ಡಬ್ಬಿ ಆಗುತ್ತಾ? ಸೇವ್ ಆ್ಯಸ್‌ಗೆ ಹೋಗಿ 'ಎಕ್ಸೆಲ್ 97-2003 ವರ್ಕ್‌ಬುಕ್' ಆರಿಸಿ, ಬೇರೆ ಹೆಸರು ಕೊಡಿ. ಅಸಲು ಫೈಲ್ ಹಾಗೇ ಇರಲಿ, ಯಾಕೆಂದರೆ ಹಳೆಯದರಲ್ಲಿ 65,536 ಸಾಲು, 256 ಕಾಲಂ ಅಷ್ಟೇ ಹಿಡಿಯುತ್ತೆ, ಹೊಸದರಲ್ಲಿ 10,48,576 ಸಾಲು. ಮಿಕ್ಕಿದ್ದು ಹಳೆಯದಕ್ಕೆ ಬರಲ್ಲ, ಹೋಯ್ತು ಅಂತಲೇ ಲೆಕ್ಕ.

ಕಳಿಸೋ ಮುಂಚೆ ಫೈಲ್, ಇನ್ಫೋ, ಚೆಕ್ ಫಾರ್ ಇಶ್ಯೂಸ್, ಚೆಕ್ ಕಂಪ್ಯಾಟಿಬಿಲಿಟಿ ಒತ್ತಿ. ಹಳೆಯದರಲ್ಲಿ ಏನೇನು ಕೈಕೊಡುತ್ತೆ ಅಂತ ಅದೇ ಪಟ್ಟಿ ಕೊಡುತ್ತದೆ.

ನಿಜವಾದ ತಲೆನೋವು ಫಾರ್ಮುಲಾ. ನಾನು ಎಕ್ಸ್‌ಲುಕಪ್ (ಪಟ್ಟಿಯಲ್ಲಿ ಹುಡುಕಿ ದರ ತಂದುಕೊಡೋ ಫಾರ್ಮುಲಾ) ಹಾಕಿದ್ದ ಫೈಲ್ 2016ರಲ್ಲಿ ಸಲೀಸಾಗಿ ತೆರೆಯಿತು, ದರವೂ ಸರಿಯಾಗೇ ಕಾಣಿಸಿತು, ಆದರೆ ಹುಬ್ಬಳ್ಳಿಯವರು ಆ ಸೆಲ್ ಮುಟ್ಟಿ ಎಂಟರ್ ಒತ್ತಿದ ಕೂಡಲೇ ದರದ ಜಾಗದಲ್ಲಿ ನೇಮ್ ಎರರ್ (ಈ ಫಾರ್ಮುಲಾ ಹೆಸರೇ ಗೊತ್ತಿಲ್ಲ ಅನ್ನೋ #NAME?) ಬಂದು ಕೂತಿತು. ಮೊದಲು ಕಂಡಿದ್ದು ನನ್ನ ಕಡೆ ಸೇವ್ ಆಗಿದ್ದ ಹಳೇ ಉತ್ತರ, ಅಷ್ಟೇ. ಎಕ್ಸ್‌ಲುಕಪ್ ಇರುವುದು 2021 ಮತ್ತು ಅದರ ಈಚಿನವುಗಳಲ್ಲಿ, 365ರಲ್ಲಿ. ಅದೇ ಹುಡುಕೋ ಕೆಲಸಕ್ಕೆ ಇಂಡೆಕ್ಸ್-ಮ್ಯಾಚ್ ಜೋಡಿ ಹಾಕಿದರೆ 2003ರಲ್ಲೂ ನಡೆಯುತ್ತದೆ. ಷರತ್ತು ಹಾಕಿ ಕೂಡೋ ಸಮ್‌ಇಫ್ಸ್, ಎರರ್ ಬಂದರೆ ಬೇರೆ ಉತ್ತರ ತೋರಿಸೋ ಇಫ್‌ಎರರ್ 2003ಕ್ಕೆ ಗೊತ್ತೇ ಇಲ್ಲ. ಸಮ್‌ಇಫ್ಸ್ ಬದಲು ಸಮ್‌ಪ್ರಾಡಕ್ಟ್ ಬಳಸಿ, ಅದಕ್ಕೂ ಇಡೀ ಕಾಲಂ ಕೊಡಬೇಡಿ, ಇಷ್ಟನೇ ಸಾಲಿನಿಂದ ಇಷ್ಟನೇ ಸಾಲಿನವರೆಗೆ ಅಂತ ಕೊಡಿ.

ರೈತರ ಹೆಸರುಗಳನ್ನು ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದೀರಾ? ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಒಂದೇ ಫಾಂಟ್‌ಗೆ ಅಂಟಿಕೊಳ್ಳದ ಯೂನಿಕೋಡ್‌ನಲ್ಲೇ ಟೈಪ್ ಮಾಡಿ.

ಇನ್ನು ಆ ಕಡೆಯವರು ಸುಮ್ನೆ ನೋಡೋದಷ್ಟೇ, ತಿದ್ದೋದಿಲ್ಲ ಅಂದರೆ ಇದ್ಯಾವ ಗೋಜೂ ಬೇಡ, ಪಿಡಿಎಫ್ ಮಾಡಿ ವಾಟ್ಸಾಪ್‌ಗೆ ಹಾಕಿಬಿಡಿ.