ಸಾಂಕ್ರಾಮಿಕದ ನಡುವೆ ಶಾಲೆ ತೆರೆಯಬಹುದೇ? ಅಪಾಯ ತೂಗಲು ಎಸ್‌ಡಿಎಂಸಿ ಸದಸ್ಯರಿಗೂ ಪೋಷಕರಿಗೂ ಒಂದು ಕೈಪಿಡಿ

ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿಯವರೆಗಿನ ಮಕ್ಕಳಿಗೆ 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ ಹತ್ತೊಂಬತ್ತು ತಿಂಗಳು ಕಳೆದಿದ್ದವು. 2020ರಲ್ಲಿ ಒಂದನೇ ತರಗತಿಗೆ ಹೆಸರು ಬರೆಸಿಕೊಂಡ ಮಗು ತರಗತಿಯೊಳಗೆ ಮೊದಲ ಸಲ ಕುಳಿತಾಗ ಅದು ಆಗಲೇ ಎರಡನೇ ತರಗತಿಯಲ್ಲಿತ್ತು. ಆ ದಿನಗಳಲ್ಲಿ ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದೆ. ನಮ್ಮ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗಳಲ್ಲಿ ಶಾಲೆ ತೆರೆದರೆ ಏನಾದೀತು ಎಂಬುದನ್ನು ಗಂಟೆಗಟ್ಟಲೆ ಚರ್ಚಿಸಿದೆವು. ತೆರೆಯದಿದ್ದರೆ ಏನಾದೀತು ಎಂಬುದನ್ನು ಒಂದು ಹಾಳೆಯ ಮೇಲೆ ಬರೆದಿಡುವ ಕೆಲಸವನ್ನು ಮಾತ್ರ ನಮ್ಮಲ್ಲಿ ಯಾರೂ ಮಾಡಲಿಲ್ಲ. ಇಂಥ ಪರಿಸ್ಥಿತಿ ಮತ್ತೆ ಬಂದರೆ ತಕ್ಕಡಿಯ ಎರಡೂ ತಟ್ಟೆಗಳಿಗೆ ತೂಕ ಹಾಕಿಯೇ ತೀರ್ಮಾನಿಸಬೇಕೆಂಬ ಕಾರಣಕ್ಕೆ ಈ ಬರಹ.

ತೆರೆಯುವ ಆದೇಶ ಸರ್ಕಾರದಿಂದಲೇ ಬರುತ್ತದೆ, ನಮ್ಮ ಕೈಯಲ್ಲೇನಿದೆ ಎಂದು ಕೇಳುವವರಿದ್ದಾರೆ. 2021ರಲ್ಲಿ ಆದೇಶ ಬಂದ ಮೇಲೂ ಮಗುವನ್ನು ಕಳುಹಿಸಲು ಪೋಷಕರ ಲಿಖಿತ ಒಪ್ಪಿಗೆ ಬೇಕಿತ್ತು. ಯಾವ ಕೊಠಡಿಯಲ್ಲಿ ಎಷ್ಟು ಮಕ್ಕಳು ಕೂರಬೇಕು, ಪಾಳಿ ಹೇಗಿರಬೇಕು, ಊಟ ಎಲ್ಲಿ ನಡೆಯಬೇಕು ಎಂಬುದು ಬಹುಮಟ್ಟಿಗೆ ಶಾಲೆಯಲ್ಲೇ ನಿರ್ಧಾರವಾಗುತ್ತಿತ್ತು. ಅಪಾಯ ಹೆಚ್ಚುವುದೂ ಕಡಿಮೆಯಾಗುವುದೂ ಈ ಸಣ್ಣ ನಿರ್ಧಾರಗಳಲ್ಲೇ.

ಮೊದಲು ರೋಗದ ಗುಣ ತಿಳಿಯಿರಿ

ಬಂದಿರುವ ರೋಗ ಯಾರನ್ನು ಹೆಚ್ಚು ಕಾಡುತ್ತದೆ ಮತ್ತು ಹೇಗೆ ಹರಡುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವ ಮೊದಲು ಬೇರೇನನ್ನೂ ತೂಗಬೇಡಿ. ಕೋವಿಡ್ ಮುಖ್ಯವಾಗಿ ವಯಸ್ಸಾದವರನ್ನೂ ಸಕ್ಕರೆ ಕಾಯಿಲೆ, ಹೃದ್ರೋಗ ಇರುವವರನ್ನೂ ಕಾಡಿತು. ಮಕ್ಕಳಲ್ಲಿ ಬಹುಪಾಲು ಸೌಮ್ಯವಾಗಿತ್ತು. 2009ರ ಎಚ್1ಎನ್1 ಜ್ವರದಲ್ಲಿ ಮಕ್ಕಳು ಮತ್ತು ಯುವಕರ ಪಾಲು ಹೆಚ್ಚಾಗಿತ್ತು. ನಿಫಾ ಸೋಂಕಿತರಲ್ಲಿ ಸಾವಿನ ಪ್ರಮಾಣ ಬಹಳ ಹೆಚ್ಚು, ಆದರೆ ಅದು ಹತ್ತಿರದ ಸಂಪರ್ಕದಿಂದ ಹರಡುವ ರೋಗ. ಆದ್ದರಿಂದ 2023ರ ಸೆಪ್ಟೆಂಬರ್‌ನಲ್ಲಿ ಕೇರಳದ ಕೋಳಿಕ್ಕೋಡ್ ಜಿಲ್ಲೆಯಲ್ಲಿ ಕೆಲವು ದಿನಗಳ ಮಟ್ಟಿಗೆ ಶಾಲೆ ಮುಚ್ಚಿದ್ದು ಸರಿಯಾದ ಎಚ್ಚರಿಕೆಯಾಗಿತ್ತು. ಒಂದು ರೋಗಕ್ಕೆ ಮಾಡಿದ ತೀರ್ಮಾನವನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಮುಂದಿನ ಮಾತುಗಳು ಕೋವಿಡ್‌ನಂತೆ ಗಾಳಿಯಲ್ಲಿ ಹರಡುವ ರೋಗಕ್ಕೆ ಸಂಬಂಧಿಸಿದವು.

ಮುಚ್ಚಿದ ಶಾಲೆಯ ತೂಕ

ಶಾಲೆ ಮುಚ್ಚಿದರೆ ಮಗು ಸುರಕ್ಷಿತ ಎಂಬುದು ನಮ್ಮೆಲ್ಲರ ನಂಬಿಕೆಯಾಗಿತ್ತು. 2021ರ ಜೂನ್-ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 70 ಜಿಲ್ಲೆಗಳಲ್ಲಿ ನಡೆಸಿದ ನಾಲ್ಕನೇ ಸೀರೋ ಸಮೀಕ್ಷೆಯಲ್ಲಿ, ಅಂದರೆ ರಕ್ತದಲ್ಲಿ ಸೋಂಕಿನ ಪ್ರತಿಕಾಯ ಹುಡುಕುವ ಸಮೀಕ್ಷೆಯಲ್ಲಿ, 6ರಿಂದ 9 ವರ್ಷದ ಮಕ್ಕಳಲ್ಲಿ ಶೇ 57.2ರಷ್ಟು, 10ರಿಂದ 17 ವರ್ಷದವರಲ್ಲಿ ಶೇ 61.6ರಷ್ಟು ಮಂದಿಯಲ್ಲಿ ಪ್ರತಿಕಾಯ ಕಂಡುಬಂತು. ಆಗ ದೇಶದಲ್ಲಿ ಮಕ್ಕಳಿಗೆ ಲಸಿಕೆ ಆರಂಭವೇ ಆಗಿರಲಿಲ್ಲ. ಅಂದರೆ ಬಹುತೇಕ ಶಾಲೆಗಳು ಮುಚ್ಚಿದ್ದಾಗಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸೋಂಕು ತಗುಲಿ ಹೋಗಿತ್ತು. ಮನೆ, ಮದುವೆ, ಸಂತೆ ಎಲ್ಲವೂ ಇದ್ದ ಊರಿನಲ್ಲಿ ಶಾಲೆಯೊಂದನ್ನೇ ಮುಚ್ಚಿ ಸೋಂಕು ತಡೆದೆವೆಂದು ಹೇಳುವುದು ಕಷ್ಟ.

ಕಲಿಕೆಯ ನಷ್ಟಕ್ಕೂ ಲೆಕ್ಕವಿದೆ. 2021ರ ಫೆಬ್ರುವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಪ್ರಕಟಿಸಿದ ಅಧ್ಯಯನವು ಕರ್ನಾಟಕವೂ ಸೇರಿ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಒಳಗೊಂಡಿತ್ತು. ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಮರೆತವರು ಸರಾಸರಿ ಶೇ 92. ಗಣಿತದಲ್ಲಿ ಶೇ 82. ಹೊಸದು ಕಲಿಯದೆ ಹೋದದ್ದು ಒಂದು ನಷ್ಟ. ಕಲಿತದ್ದೂ ಜಾರಿಹೋದದ್ದು ಅದಕ್ಕಿಂತ ದೊಡ್ಡ ನಷ್ಟ.

ನಿಮ್ಮ ಶಾಲೆಯ ಮಟ್ಟಿಗೆ ಇದನ್ನು ತೂಗಲು ದೊಡ್ಡ ಅಧ್ಯಯನ ಬೇಕಿಲ್ಲ. ಹಾಜರಿ ಪುಸ್ತಕ ತೆರೆದು ಪ್ರತಿ ಮಗುವಿನ ಹೆಸರಿನ ಮುಂದೆ ಕೆಲವು ಸಂಗತಿಗಳನ್ನು ಬರೆಯಿರಿ: ಮನೆಯಲ್ಲಿ ಮಗುವಿನ ಕೈಗೆ ಸಿಗುವ ಫೋನ್ ಇದೆಯೇ, ಬಿಸಿಯೂಟದ ಬದಲು ಕೊಟ್ಟ ಆಹಾರ ಧಾನ್ಯ ಮಗುವಿನ ತಟ್ಟೆಗೆ ಬರುತ್ತಿದೆಯೇ, ಹಗಲು ಹೊತ್ತು ಅದು ಎಲ್ಲಿರುತ್ತದೆ, ಹಿರಿಯ ಹುಡುಗಿಯಾದರೆ ಮನೆಯಲ್ಲಿ ಮದುವೆಯ ಮಾತು ಎದ್ದಿದೆಯೇ. ನಾನು ತಡವಾಗಿ ಈ ಪಟ್ಟಿ ಮಾಡಿದಾಗ ಏಳನೇ ತರಗತಿಯ ಒಬ್ಬ ಹುಡುಗ ದಿನವಿಡೀ ಕುರಿ ಕಾಯುತ್ತಿದ್ದ. ಓದಲು ಕೊಟ್ಟ ವಾಕ್ಯವನ್ನು ಅವನು ಅಕ್ಷರ ಅಕ್ಷರವಾಗಿ ಬೆರಳಿಟ್ಟು ಓದಿ, ಒತ್ತಕ್ಷರ ಬಂದಲ್ಲೆಲ್ಲ ನಿಂತು ನನ್ನ ಮುಖ ನೋಡಿದ. ಐದನೇ ತರಗತಿಯಲ್ಲಿ ಅವನೇ ಪ್ರಾರ್ಥನೆಯ ಹೊತ್ತಿನಲ್ಲಿ ದಿನಪತ್ರಿಕೆ ಓದುತ್ತಿದ್ದವನು.

ಸೋಂಕಿನ ತೂಕ: ಅಂಕಿಯನ್ನು ಹೇಗೆ ಓದಬೇಕು

2021ರ ಆಗಸ್ಟ್ 23ರಂದು 9ನೇ ತರಗತಿಯಿಂದ ಮೇಲಿನವರಿಗೆ ಶಾಲೆ ತೆರೆದಾಗ ರಾಜ್ಯ ಸರ್ಕಾರ ಬಳಸಿದ ಅಳತೆಗೋಲು ಪಾಸಿಟಿವಿಟಿ ದರ, ಅಂದರೆ ಪರೀಕ್ಷಿಸಿದ ನೂರು ಜನರಲ್ಲಿ ಸೋಂಕು ಕಂಡವರ ಸಂಖ್ಯೆ. ಅದು ಶೇ 2ಕ್ಕಿಂತ ಕಡಿಮೆ ಇದ್ದ ಕಡೆಗಳಲ್ಲಿ ತರಗತಿ ಆರಂಭವಾದವು. ಈ ಅಂಕಿಯನ್ನು ಒಂಟಿಯಾಗಿ ನಂಬಬೇಡಿ. ಜ್ವರ ಬಂದವರಿಗಷ್ಟೇ ಪರೀಕ್ಷೆ ಮಾಡಿದರೆ ದರ ಏರುತ್ತದೆ. ಗುರಿ ಮುಟ್ಟಿಸಲು ಆರೋಗ್ಯವಂತರನ್ನೂ ಸಾಲಾಗಿ ನಿಲ್ಲಿಸಿ ಪರೀಕ್ಷಿಸಿದರೆ ಇಳಿಯುತ್ತದೆ. ಪಾಸಿಟಿವಿಟಿ ದರದ ಜೊತೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಆಮ್ಲಜನಕದ ಹಾಸಿಗೆಗಳು ಎಷ್ಟು ಖಾಲಿ ಇವೆ ಎಂಬುದನ್ನು ಕೇಳಿ, ಎರಡೂ ಅಂಕಿಗಳು ಎರಡು ವಾರ ಯಾವ ಕಡೆಗೆ ಸಾಗುತ್ತಿವೆ ಎಂದು ನೋಡಿ. ಒಂದು ದಿನದ ಅಂಕಿಗಿಂತ ಹದಿನಾಲ್ಕು ದಿನದ ದಿಕ್ಕು ಹೆಚ್ಚು ನಿಜ ಹೇಳುತ್ತದೆ.

ಇನ್ನು ನಿಮ್ಮ ಶಾಲೆಯ ಲೆಕ್ಕ. ತಾಲ್ಲೂಕಿನ ಜನಸಂಖ್ಯೆ 2 ಲಕ್ಷ, ಕಳೆದ ಹತ್ತು ದಿನಗಳಲ್ಲಿ ಪತ್ತೆಯಾದವರು 200 ಮಂದಿ ಎಂದಿಟ್ಟುಕೊಳ್ಳೋಣ. ಪತ್ತೆಯಾಗದವರನ್ನೂ ಸೇರಿಸಲು ಅದನ್ನು ಐದರಿಂದ ಗುಣಿಸಿದರೆ 1,000 ಆಗುತ್ತದೆ. ಈ ಐದು ಒಂದು ಊಹೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ ಬದಲಿಸಿಕೊಳ್ಳಿ. ಅಂದರೆ ಪ್ರತಿ 200 ಜನರಲ್ಲಿ ಒಬ್ಬರು ಸೋಂಕಿತರು. ಹೀಗಿರುವಾಗ 150 ಮಂದಿ ಸೇರುವ ಶಾಲೆಗೆ ಒಬ್ಬರಾದರೂ ಸೋಂಕಿತರು ಬರುವ ಸಾಧ್ಯತೆ ಸುಮಾರು ಶೇ 53, ಮೂವತ್ತು ಮಕ್ಕಳ ಒಂದು ಕೊಠಡಿಗೆ ಶೇ 14, ಅದೇ ಕೊಠಡಿಯಲ್ಲಿ ಹದಿನೈದು ಮಕ್ಕಳನ್ನಷ್ಟೇ ಕೂರಿಸಿದರೆ ಶೇ 7. ಈ ಲೆಕ್ಕ ಮಾಡಿದವರಿಗೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಸೋಂಕು ಎಂದಾದರೂ ಶಾಲೆಯ ಒಳಗೆ ಬಂದೇ ಬರುತ್ತದೆ. ಹಾಗಾಗಿ ಬಂದ ಸೋಂಕು ಎಷ್ಟು ಜನಕ್ಕೆ ದಾಟುತ್ತದೆ ಎಂಬುದರ ಮೇಲೆ ಗಮನವಿಡಬೇಕು, ಮತ್ತು ಅದನ್ನು ನಿರ್ಧರಿಸುವುದು ಕೊಠಡಿಯ ಗಾಳಿ.

ಗಾಳಿಯನ್ನು ಕಣ್ಣಾರೆ ನೋಡಿ

2020ರ ಮೇ ತಿಂಗಳಲ್ಲಿ ಇಸ್ರೇಲ್ ಶಾಲೆಗಳನ್ನು ತೆರೆದ ಸ್ವಲ್ಪ ದಿನಗಳಲ್ಲೇ ಜೆರುಸಲೇಮಿನ ಒಂದು ಪ್ರೌಢಶಾಲೆಯಲ್ಲಿ 153 ವಿದ್ಯಾರ್ಥಿಗಳಿಗೂ 25 ಮಂದಿ ಸಿಬ್ಬಂದಿಗೂ ಸೋಂಕು ತಗುಲಿತು. ಆ ವಾರ ಬಿಸಿಗಾಳಿಯಿದ್ದ ಕಾರಣ ಮಾಸ್ಕ್‌ಗೆ ವಿನಾಯಿತಿ ಕೊಟ್ಟಿದ್ದರು, ಹವಾನಿಯಂತ್ರಣ ಯಂತ್ರ ಸತತವಾಗಿ ಓಡುತ್ತಿತ್ತು, ಒಂದೊಂದು ತರಗತಿಯಲ್ಲಿ 35ಕ್ಕೂ ಹೆಚ್ಚು ಮಕ್ಕಳಿದ್ದರು. ಇದಕ್ಕೆ ಎದುರಾಗಿ ಅಮೆರಿಕದ ಜಾರ್ಜಿಯಾ ರಾಜ್ಯದ 169 ಪ್ರಾಥಮಿಕ ಶಾಲೆಗಳ ಅಧ್ಯಯನವೊಂದರಲ್ಲಿ ಗಾಳಿಯಾಟ ಸುಧಾರಿಸಿದ ಶಾಲೆಗಳಲ್ಲಿ ಸೋಂಕಿನ ಪ್ರಮಾಣ ಶೇ 39ರಷ್ಟು ಕಡಿಮೆಯಿತ್ತು. ಶಿಕ್ಷಕರಿಗೆ ಮಾಸ್ಕ್ ಕಡ್ಡಾಯ ಮಾಡಿದ ಶಾಲೆಗಳಲ್ಲಿ ಶೇ 37ರಷ್ಟು ಕಡಿಮೆಯಿತ್ತು. ಅಲ್ಲಿ ಕೆಲವು ಶಾಲೆಗಳು ಗಾಳಿ ಸೋಸುವ ಯಂತ್ರವನ್ನೂ ಬಳಸಿದ್ದವು, ಆದರೆ ಕಿಟಕಿ ಬಾಗಿಲು ತೆರೆದು ಫ್ಯಾನ್ ಹಾಕಿದಂಥ ಕ್ರಮಗಳನ್ನಷ್ಟೇ ಕೈಗೊಂಡ ಶಾಲೆಗಳಲ್ಲೂ ಶೇ 35ರಷ್ಟು ಕಡಿಮೆಯಿತ್ತು. ನಮ್ಮ ಹಳ್ಳಿಯ ಶಾಲೆಗೂ ನಿಲುಕುವ ಉಪಾಯವಿದು.

ಇದನ್ನು ಪರೀಕ್ಷಿಸಲು ಒಂದು ಊದಿನಕಡ್ಡಿ ಸಾಕು. ಮಕ್ಕಳಿಲ್ಲದ ಹೊತ್ತಿನಲ್ಲಿ ಕಿಟಕಿ ಬಾಗಿಲುಗಳನ್ನು ತೆರೆದು, ಕೊಠಡಿಯ ನಾಲ್ಕು ಮೂಲೆಗಳಲ್ಲೂ ನಡುವೆಯೂ ಕಡ್ಡಿ ಹಿಡಿದು ಹೊಗೆಯ ದಾರಿ ನೋಡಿ. ಹೊಗೆ ಬಾಗಿ ಹೊರಗೆ ಸಾಗಿದರೆ ಆ ಜಾಗ ಸರಿಯಿದೆ. ನೆಟ್ಟಗೆ ಮೇಲೇರಿ ಅಲ್ಲೇ ಸುತ್ತುತ್ತಿದ್ದರೆ ಉಸಿರೂ ಅಲ್ಲೇ ನಿಲ್ಲುತ್ತದೆ. ನಮ್ಮ ಶಾಲೆಯ ಆರು ಕೊಠಡಿಗಳಲ್ಲಿ ಹೆಂಚಿನ ಹಳೆಯ ಎರಡು ಕೊಠಡಿಗಳು ಚೆನ್ನಾಗಿ ತೇರ್ಗಡೆಯಾದವು. ಹೊಸ ಆರ್‌ಸಿಸಿ ಕೊಠಡಿಯೊಂದರಲ್ಲಿ ಹೊಗೆ ಕದಲಲೇ ಇಲ್ಲ. ಹಿಂಬದಿಯ ಕಿಟಕಿಗಳ ಚಿಲಕ ಬಣ್ಣ ಬಳಿದಾಗ ಅಂಟಿಕೊಂಡು ಹೋಗಿತ್ತು, ಅದರ ಮುಂದೆ ಮುರಿದ ಬೆಂಚುಗಳನ್ನು ಪೇರಿಸಿದ್ದೆವು. ಬೆಂಚು ತೆಗೆಸಿ, ಬಡಗಿಯನ್ನು ಕರೆಸಿ ಚಿಲಕ ಬಿಡಿಸಿದ ಮೇಲೆ ಅದೇ ಕೊಠಡಿಯಲ್ಲಿ ಹೊಗೆ ಅರೆ ಗಳಿಗೆಯಲ್ಲಿ ಹೊರಗೆ ಹರಿಯಿತು.

ಋತುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಎರಚಲು ಹೊಡೆಯುವುದರಿಂದ ಕಿಟಕಿ ತೆರೆದಿಡುವುದು ಕಷ್ಟ. ಬಯಲುಸೀಮೆಯಲ್ಲಿ ಅದೇ ತಿಂಗಳುಗಳಲ್ಲಿ ಮರದಡಿಯ ಪಾಠ ಸಾಧ್ಯ. 2020ರ ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮದ (ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗಿ ಪಾಠ ಮಾಡುವ ಸರ್ಕಾರಿ ಕಾರ್ಯಕ್ರಮ) ವಠಾರ ಶಾಲೆಗಳು ಗುಡಿಯ ಜಗಲಿ, ಮರದ ನೆರಳುಗಳಲ್ಲಿ ನಡೆದವು. ಅದೇ ಅಕ್ಟೋಬರ್‌ನಲ್ಲಿ ಸೋಂಕಿನ ಭಯದಿಂದ ಅದನ್ನು ನಿಲ್ಲಿಸಲಾಯಿತು. ತೆರೆದ ಗಾಳಿಯ ಪಾಠವನ್ನು ನಿಲ್ಲಿಸಿದ್ದು ತಪ್ಪೆಂದು ಈಗಲೂ ನನ್ನ ಅಭಿಪ್ರಾಯ; ಮುಂದೆ ಏನೇ ಮುಚ್ಚಬೇಕಾಗಿ ಬಂದರೂ ಅದನ್ನು ಕಟ್ಟಕಡೆಗೆ ಮುಚ್ಚಬೇಕು.

ತರಗತಿಯಲ್ಲಿ ಅಂತರ ಕಾಯ್ದು, ಸಂಜೆ ಹದಿನಾಲ್ಕು ಮಕ್ಕಳನ್ನು ಒಂದೇ ಆಟೋದಲ್ಲಿ ತುಂಬಿ ಕಳುಹಿಸಿದರೆ ಕಾಯ್ದದ್ದೆಲ್ಲ ವ್ಯರ್ಥ. ಊಟದ ಹೊತ್ತಿನಲ್ಲಿ ಎಲ್ಲರ ಮಾಸ್ಕ್ ಕೆಳಗಿಳಿಯುವುದರಿಂದ ಪಂಕ್ತಿಯನ್ನು ಅಂಗಳಕ್ಕೆ ಅಥವಾ ಜಗಲಿಗೆ ಬದಲಿಸಿ. ಶಿಕ್ಷಕರ ಕೊಠಡಿಯನ್ನಂತೂ ಬಹುತೇಕರು ಮರೆಯುತ್ತಾರೆ. ಹೆಚ್ಚು ಅಪಾಯವಿರುವ ದೊಡ್ಡವರು ಬಾಗಿಲು ಮುಚ್ಚಿ ಒಟ್ಟಿಗೆ ಚಹಾ ಕುಡಿಯುವುದು ಅಲ್ಲೇ.

ಯಾರಿಗೆ ಮೊದಲು, ಯಾರಿಗೆ ರಕ್ಷಣೆ

ನಮ್ಮ ರಾಜ್ಯದಲ್ಲಿ ದೊಡ್ಡ ತರಗತಿಗಳು ಮೊದಲು ತೆರೆದವು, ಚಿಕ್ಕವರ ತರಗತಿಗಳು ಕೊನೆಗೆ. ಪರೀಕ್ಷೆಯ ದೃಷ್ಟಿಯಿಂದ ಅದಕ್ಕೆ ಕಾರಣವಿತ್ತು. ಅಪಾಯದ ದೃಷ್ಟಿಯಿಂದ ನೋಡಿದರೆ ಕ್ರಮ ತಿರುಗಬೇಕಿತ್ತು. 2021ರ ಜುಲೈನಲ್ಲಿ ಐಸಿಎಂಆರ್‌ನ ಮಹಾನಿರ್ದೇಶಕರೇ ಪ್ರಾಥಮಿಕ ಶಾಲೆಗಳನ್ನು ಮೊದಲು ತೆರೆಯುವುದು ಸೂಕ್ತವೆಂದು ಹೇಳಿದ್ದರು. ಡೆನ್ಮಾರ್ಕ್ 2020ರ ಏಪ್ರಿಲ್‌ನಲ್ಲಿಯೇ ಚಿಕ್ಕ ಮಕ್ಕಳಿಂದ ಆರಂಭಿಸಿತ್ತು. ಹತ್ತನೇ ತರಗತಿಯವನು ಫೋನ್ ಹಿಡಿದು ಒಂದಿಷ್ಟು ಓದಿಕೊಂಡಾನು. ನಲಿ-ಕಲಿಯ, ಅಂದರೆ ಒಂದರಿಂದ ಮೂರನೇ ತರಗತಿಯ ಮಗುವಿಗೆ ಶಿಕ್ಷಕಿಯ ಪಕ್ಕದಲ್ಲಿ ಕೂರದೆ ಅಕ್ಷರ ಹತ್ತುವುದಿಲ್ಲ. ಸಮಿತಿಗೆ ಆಯ್ಕೆಯಿದ್ದರೆ, ಗಾಳಿಯಾಡುವ ಕೊಠಡಿಗಳನ್ನು ಒಂದರಿಂದ ಮೂರನೇ ತರಗತಿಯವರಿಗೆ ಕೊಡಿ.

ಇನ್ನೊಂದು ಪಟ್ಟಿ ದೊಡ್ಡವರದು. ಐವತ್ತು ದಾಟಿದ ಅಥವಾ ಸಕ್ಕರೆ ಕಾಯಿಲೆಯಿರುವ ಶಿಕ್ಷಕರು, ಬಿಸಿಯೂಟದ ಅಡುಗೆಯವರು, ಮಗುವಿನ ಮನೆಯಲ್ಲಿರುವ ಅಜ್ಜ ಅಜ್ಜಿಯರು ಇವರಲ್ಲಿ ಯಾರಿಗೆ ಲಸಿಕೆ ಬಾಕಿಯಿದೆ ಎಂಬುದನ್ನು ಆಶಾ ಕಾರ್ಯಕರ್ತೆಯ ಜೊತೆ ಕೂತು ಮನೆ ಮನೆ ಲೆಕ್ಕದಲ್ಲಿ ಬರೆಯಿರಿ. ಅಜ್ಜಿಗೆ ಲಸಿಕೆ ಹಾಕಿಸುವುದು ಮೊಮ್ಮಗಳನ್ನು ಮನೆಯಲ್ಲಿ ಕೂಡಿಹಾಕುವುದಕ್ಕಿಂತ ಹೆಚ್ಚು ಜೀವ ಉಳಿಸುತ್ತದೆ. ಲಸಿಕೆ ಇನ್ನೂ ಬಂದಿಲ್ಲದ ಹಂತವಾದರೆ, ಅಂಥ ಶಿಕ್ಷಕರಿಗೆ ತೆರೆದ ಜಾಗದ ತರಗತಿಗಳನ್ನೇ ಹಂಚಿ. ಯಾರಾದರೂ ಪೋಷಕರು ಮಗುವನ್ನು ಕಳುಹಿಸಲು ಒಪ್ಪದಿದ್ದರೆ ಕಾರಣ ಕೇಳಿ, ಒತ್ತಾಯ ಮಾಡಬೇಡಿ, ವಾರಕ್ಕೊಮ್ಮೆ ಮತ್ತೆ ಮಾತಾಡಿಸಿ.

ಮುಚ್ಚುವ ನಿಯಮವನ್ನು ತೆರೆಯುವ ಮೊದಲೇ ಬರೆಯಿರಿ

ಸೋಂಕು ಕಂಡ ದಿನ ಸಭೆ ಸೇರಿದರೆ ಭಯವೇ ತೀರ್ಮಾನಿಸುತ್ತದೆ. ಒಂದು ಕೊಠಡಿಯಲ್ಲಿ ಸೋಂಕು ಕಂಡರೆ ಆ ಕೊಠಡಿಯ ಮಕ್ಕಳಿಗೆ ಎಷ್ಟು ದಿನ ರಜೆ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕೊಠಡಿಗಳಲ್ಲಿ ಒಂದೇ ವಾರ ಕಂಡರೆ ಆರೋಗ್ಯ ಕೇಂದ್ರದ ವೈದ್ಯರ ಸಲಹೆ, ತಾಲ್ಲೂಕಿನಲ್ಲಿ ಆಮ್ಲಜನಕದ ಹಾಸಿಗೆ ತುಂಬುತ್ತಾ ಬಂದರೆ ಇಡೀ ಶಾಲೆ ಬಂದ್, ಎಂದು ವೈದ್ಯರನ್ನು ಕೂರಿಸಿಕೊಂಡೇ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿ. ಪ್ರತಿ ಮುಚ್ಚುವಿಕೆಯ ಪಕ್ಕದಲ್ಲೇ ಮತ್ತೆ ತೆರೆಯುವ ದಿನಾಂಕವೂ ಇರಲಿ. 2022ರ ಜನವರಿಯಲ್ಲಿ ಮೂರನೇ ಅಲೆಗೆ ಬೆಂಗಳೂರಿನಲ್ಲಿ ಮುಚ್ಚಿದ ಶಾಲೆಗಳು ತಿಂಗಳು ಮುಗಿಯುವುದರೊಳಗೆ ತೆರೆದವು. ಮೊದಲ ಸಲ ಹತ್ತೊಂಬತ್ತು ತಿಂಗಳು ಹಿಡಿದದ್ದರ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು.

ತೆರೆದ ಮೊದಲ ವಾರ ಹಾಜರಿ ಕರೆದಾಗ ಉತ್ತರ ಬಾರದ ಹೆಸರುಗಳಿಗೆ ಪೆನ್ಸಿಲ್‌ನಿಂದ ಗುರುತು ಹಾಕಿ, ಶನಿವಾರ ಮಧ್ಯಾಹ್ನ ಆ ಮನೆಗಳಿಗೆ ಹೋಗಿ. ಕುರಿ ಕಾಯುತ್ತಿದ್ದ ನಮ್ಮ ಹುಡುಗ ಮೊದಲ ವಾರ ಬರಲಿಲ್ಲ, ಎರಡನೇ ವಾರವೂ ಬರಲಿಲ್ಲ. ಮೂರನೇ ಶನಿವಾರ ಅವನ ತಂದೆಯ ಜೊತೆ ಹಟ್ಟಿಯ ಮುಂದೆ ಒಂದು ಗಂಟೆ ಕೂತು ಮಾತಾಡಿದ ಮೇಲೆ ಸೋಮವಾರ ಬೆಳಿಗ್ಗೆ ಬಂದ.