ಬೆಂಗಳೂರಿನ ಟ್ರಸ್ಟ್‌ಗೆ ಹೆಸರು ಕೊಡುವ ಮುಂಚೆ: ಹೊರದೇಶಕ್ಕೆ ಹೊಸದಾಗಿ ಬಂದವರಿಗೆ

ನೀವು ಇಲ್ಲಿಗೆ ಬಂದು ಕೆಲಸ, ಮನೆ ಅಂತ ಸ್ವಲ್ಪ ನೆಲೆಯಾಗುವ ಹೊತ್ತಿಗೆ ಬೆಂಗಳೂರಿನಿಂದ ಒಂದು ಫೋನ್ ಬರುತ್ತದೆ. "ಬಡ ಮಕ್ಕಳಿಗೆ ಒಂದು ಟ್ರಸ್ಟ್ ಮಾಡ್ತಾ ಇದ್ದೀವಿ, ನಿನ್ನ ಹೆಸರೂ ಇರಲಿ. ನೀನೇನೂ ಮಾಡಬೇಕಾಗಿಲ್ಲ." ಕೇಳುವವರು ಚಿಕ್ಕಪ್ಪನೋ, ಕಾಲೇಜಿನ ಗೆಳೆಯನೋ ಆಗಿರುತ್ತಾರೆ. ಬೇಡ ಅನ್ನಲು ಮನಸ್ಸು ಬರುವುದಿಲ್ಲ. ನ್ಯೂಜೆರ್ಸಿಗೆ ಬಂದು ನನಗೆ 18 ವರ್ಷ ಆಯಿತು. ಅದರಲ್ಲಿ 11 ವರ್ಷ ಬಸವನಗುಡಿ ಕಡೆಯ ಒಂದು ವಿದ್ಯಾರ್ಥಿ ನಿಲಯದ ಟ್ರಸ್ಟಿಯಾಗಿದ್ದೇನೆ. ನಾನು ಹೇಳುವುದು ಇಷ್ಟೇ: ಒಪ್ಪಿಕೊಳ್ಳಿ, ಆದರೆ "ನೀನೇನೂ ಮಾಡಬೇಕಾಗಿಲ್ಲ" ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಏನೂ ಮಾಡದೆ ಕೂರುವ ಟ್ರಸ್ಟಿಗೇ ಅಪಾಯ ಜಾಸ್ತಿ.

ನನಗೆ ಇದು ಗೊತ್ತಾದದ್ದು ಒಂದು ಕಡಲೆಕಾಯಿ ಪರಿಷೆಯ ವಾರದಲ್ಲಿ. ಮಾರನೇ ದಿನ ಫ್ಲೈಟ್. ರಾತ್ರಿ ಊಟ ಮುಗಿದ ಮೇಲೆ ಖಜಾಂಚಿ ಬಂದರು. ಟೇಬಲ್ ಮೇಲೆ ಹರಡಿದ್ದ ಕಡಲೆಕಾಯಿ ಸಿಪ್ಪೆ ಸರಿಸಿ ಚೆಕ್ ಬುಕ್ ಇಟ್ಟರು. "ನೀನು ಮತ್ತೆ ಬರೋದು ವರ್ಷಕ್ಕೆ, ಆರು ಚೆಕ್‌ಗೆ ಸಹಿ ಹಾಕಿಟ್ಟು ಹೋಗು." ಹಾಕಿದೆ. ಮೀಟಿಂಗ್ ಪುಸ್ತಕದ ಎರಡು ಖಾಲಿ ಪುಟಗಳಿಗೂ ಹಾಕಿದೆ. ಮುಂದಿನ ವರ್ಷದ ಆಡಿಟ್‌ನಲ್ಲಿ ಎರಡು ಚೆಕ್ ಎದುರಿಗೆ ಬಂದವು. ಹಾಸ್ಟೆಲ್ ರಿಪೇರಿಗೆ ಹೋದ ಹಣ. ಕಂಟ್ರಾಕ್ಟರ್ ಖಜಾಂಚಿಯವರ ಭಾವಮೈದುನ. ಕೆಲಸ ಆಗಿತ್ತು, ಹಣ ಯಾರೂ ನುಂಗಿರಲಿಲ್ಲ. ಆದರೆ ಕೊಟೇಶನ್ ಇಲ್ಲ, ನಿರ್ಣಯ ಇಲ್ಲ. ಟ್ರಸ್ಟಿಯ ಸಂಬಂಧಿಕರಿಗೆ ಯೋಗ್ಯ ದರಕ್ಕಿಂತ ಜಾಸ್ತಿ ಕೊಟ್ಟಿದ್ದರೆ ಟ್ರಸ್ಟ್‌ನ ತೆರಿಗೆ ವಿನಾಯಿತಿಗೇ ಕುತ್ತು. ದರ ಸರಿಯಾಗೇ ಇತ್ತು ಎಂದು ತೋರಿಸಲು ಎರಡು ವರ್ಷ ಓಡಾಡಿದೆವು. ಚೆಕ್ ಮೇಲೆ ಇದ್ದದ್ದು ನನ್ನ ಸಹಿ.

ಕಾನೂನು ಏನನ್ನುತ್ತದೆ? 1882ರ ಭಾರತೀಯ ಟ್ರಸ್ಟ್ ಕಾಯ್ದೆ ಖಾಸಗಿ ಟ್ರಸ್ಟ್‌ಗಳಿಗೆ ಮಾಡಿದ್ದು. ಸಾರ್ವಜನಿಕ ದತ್ತಿ ಟ್ರಸ್ಟ್‌ಗೆ ಅದು ನೇರವಾಗಿ ಅನ್ವಯಿಸದಿದ್ದರೂ ಕೋರ್ಟುಗಳು ಅದರ ತತ್ವಗಳನ್ನೇ ಹಿಡಿಯುತ್ತವೆ. ಸಾಮಾನ್ಯ ವಿವೇಕ ಇರುವ ಮನುಷ್ಯ ತನ್ನ ಸ್ವಂತ ಆಸ್ತಿಯನ್ನು ಹೇಗೆ ನೋಡಿಕೊಳ್ಳುತ್ತಾನೋ ಹಾಗೆ ಟ್ರಸ್ಟ್ ಆಸ್ತಿಯನ್ನು ನೋಡಿಕೊಳ್ಳಬೇಕು ಎನ್ನುತ್ತದೆ 15ನೇ ಸೆಕ್ಷನ್. ನಿಮಗೆ ಮುಖ್ಯವಾದದ್ದು 26. ಜೊತೆಯ ಟ್ರಸ್ಟಿ ಮಾಡಿದ ತಪ್ಪಿಗೆ ನೀವು ಹೊಣೆ ಅಲ್ಲ ಅಂತ ಅದು ಶುರುವಾಗುತ್ತದೆ. ಓದಿ ಸಮಾಧಾನ ಆಗುತ್ತದೆ, ಅಲ್ವಾ? ಮುಂದೆ ಓದಿ. ಹಣವನ್ನು ಅವರ ಕೈಗೆ ಕೊಟ್ಟು ಅದು ಎಲ್ಲಿ ಹೋಯಿತೆಂದು ನೋಡದಿದ್ದರೆ, ಅವರು ಹಣ ಪಡೆಯುವಾಗ ವಿಚಾರಿಸದಿದ್ದರೆ, ತಪ್ಪು ಗೊತ್ತಾದ ಮೇಲೂ ಮುಚ್ಚಿಟ್ಟರೆ ಅಥವಾ ಸಕಾಲದಲ್ಲಿ ಕ್ರಮ ತೆಗೆದುಕೊಳ್ಳದಿದ್ದರೆ ನೀವೂ ಹೊಣೆ. ನಾನು ಆರು ಖಾಲಿ ಚೆಕ್ ಕೊಟ್ಟು ವಿಮಾನ ಹತ್ತಿದ್ದೆ.

ಸಾರ್ವಜನಿಕ ಟ್ರಸ್ಟ್ ಆದರೆ, ಅದರಲ್ಲಿ ಹಿತಾಸಕ್ತಿ ಇರುವ ಇಬ್ಬರು ಸಾಕು. ಸಿವಿಲ್ ಪ್ರೊಸೀಜರ್ ಕೋಡ್‌ನ 92ನೇ ಸೆಕ್ಷನ್ ಅಡಿ ಕೋರ್ಟಿನ ಅನುಮತಿ ಪಡೆದು ಲೆಕ್ಕ ಕೇಳಬಹುದು, ಟ್ರಸ್ಟಿಯನ್ನು ತೆಗೆಯಲೂ ಕೇಳಬಹುದು. ಅಪ್ರಾಮಾಣಿಕತೆ ಇದ್ದರೆ ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್ ಇದೆ, 5 ವರ್ಷದವರೆಗೆ ಜೈಲು. ಹೆದರಿಸಲು ಹೇಳುತ್ತಿಲ್ಲ. ಪ್ರಾಮಾಣಿಕವಾಗಿ, ಜಾಗ್ರತೆಯಿಂದ ನಡೆದುಕೊಂಡು ಅದಕ್ಕೆ ಕಾಗದ ಇಟ್ಟುಕೊಂಡವರು ಧೈರ್ಯವಾಗಿ ಉತ್ತರ ಕೊಡಬಹುದು.

ಆದ್ದರಿಂದ ಮೊದಲು ಡೀಡ್, ಅಂದರೆ ಟ್ರಸ್ಟ್ ಸ್ಥಾಪಿಸಿ ಅದರ ನಿಯಮ ಬರೆದ ಪತ್ರ, ತರಿಸಿಕೊಂಡು ಪೂರ್ತಿ ಓದಿ. ವಾಟ್ಸಾಪ್‌ನಲ್ಲಿ ಬಂದ ಫೋಟೋ ಸಾಲದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾದ ಪ್ರತಿ ಬೇಕು. ಕೋರಂ (ಮೀಟಿಂಗ್ ನಡೆಯಲು ಇರಲೇಬೇಕಾದ ಸದಸ್ಯರ ಸಂಖ್ಯೆ) ಎಷ್ಟು, ವಿಡಿಯೋ ಕಾಲ್‌ನಲ್ಲಿ ಮೀಟಿಂಗ್‌ಗೆ ಬರಬಹುದಾ, ಬಿಟ್ಟು ಹೋಗುವುದು ಹೇಗೆ ಎಂದು ಬರೆದಿದೆಯಾ ನೋಡಿ. 1882ರ ಕಾಯ್ದೆ ಪ್ರಕಾರ ಒಮ್ಮೆ ಒಪ್ಪಿಕೊಂಡವರು ಸುಮ್ನೆ ಬಿಟ್ಟು ಹೋಗುವಂತಿಲ್ಲ. ಕೋರ್ಟಿನ ಅನುಮತಿ, ಫಲಾನುಭವಿಗಳ ಒಪ್ಪಿಗೆ ಅಥವಾ ಡೀಡ್‌ನಲ್ಲೇ ಕೊಟ್ಟ ಅಧಿಕಾರ ಬೇಕು. ಅದೇ ಕಾಯ್ದೆಯ 73ನೇ ಸೆಕ್ಷನ್ನಿನ ಪ್ರಕಾರ, ಟ್ರಸ್ಟಿ ಸತತ 6 ತಿಂಗಳು ದೇಶದಲ್ಲಿ ಇಲ್ಲದಿದ್ದರೆ ಅಥವಾ ಹೊರಗೆ ನೆಲೆಸಲು ಹೋದರೆ ಅವರ ಜಾಗಕ್ಕೆ ಬೇರೆಯವರನ್ನು ನೇಮಿಸಬಹುದು. ದೂರದಿಂದ ಈ ಕೆಲಸ ಕಷ್ಟ ಅಂತ ಕಾಯ್ದೆ ಮಾಡಿದವರು ಆಗಲೇ ಯೋಚಿಸಿದ್ದಾರೆ. ನಿಮಗೆ ತಿಂಗಳಿಗೆ ಎರಡು ಗಂಟೆ ಕೊಡಲು ಆಗದಿದ್ದರೆ ಸಲಹೆಗಾರರಾಗಿ ಇರಿ, ಟ್ರಸ್ಟಿ ಆಗಬೇಡಿ. ಅಪ್ಪನಿಗೆ ಪವರ್ ಆಫ್ ಅಟಾರ್ನಿ ಕೊಟ್ಟರೆ ಮುಗಿಯಿತು ಅಂದುಕೊಳ್ಳಬೇಡಿ. ಡೀಡ್ ಬಿಡದಿದ್ದರೆ ಟ್ರಸ್ಟಿಯ ಕೆಲಸವನ್ನು ಸಾಮಾನ್ಯವಾಗಿ ಇನ್ನೊಬ್ಬರಿಗೆ ವಹಿಸುವಂತಿಲ್ಲ.

ನಮ್ಮಂಥವರು ಜಾಸ್ತಿ ಎಡವುವುದು ದೇಣಿಗೆಯಲ್ಲಿ. ಭಾರತದ ಪಾಸ್‌ಪೋರ್ಟ್ ಇರುವವರೆಗೆ ನಿಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಇಲ್ಲಿನ ಪೌರತ್ವ ತಗೊಂಡ ದಿನದಿಂದ ಅದೇ ಹಣ ವಿದೇಶಿ ದೇಣಿಗೆ. ಓಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಇದ್ದರೂ ಅಷ್ಟೇ. 2010ರ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಪ್ರಕಾರ ನೋಂದಣಿ ಅಥವಾ ಮುಂಗಡ ಅನುಮತಿ ಇಲ್ಲದ ಟ್ರಸ್ಟ್ ಅದನ್ನು ಮುಟ್ಟುವಂತಿಲ್ಲ. ಅನುಮತಿ ಇದ್ದರೂ 2020ರ ತಿದ್ದುಪಡಿಯ ನಂತರ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. "ಅಮ್ಮನ ಅಕೌಂಟ್‌ಗೆ ಹಾಕಿ ಅಲ್ಲಿಂದ ಕೊಡಿಸೋಣ" ಅನ್ನುವವರು ಇರುತ್ತಾರೆ. ದಯವಿಟ್ಟು ಬೇಡ.

ಅಮೆರಿಕದಲ್ಲಿ ಇರುವವರಿಗೆ ಇನ್ನೊಂದು ಮಾತು. ಟ್ರಸ್ಟ್ ಖಾತೆಗೆ ನಿಮ್ಮ ಸಹಿ ನಡೆಯುತ್ತದೆ ಅಂದರೆ, ಹಣ ನಿಮ್ಮದಲ್ಲದಿದ್ದರೂ, ನಿಮ್ಮ ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಿಎಆರ್, ಅಂದರೆ ಹೊರದೇಶದ ಖಾತೆಗಳ ಬಗ್ಗೆ ಅಮೆರಿಕ ಸರ್ಕಾರಕ್ಕೆ ಕೊಡುವ ವರದಿ, ಸಲ್ಲಿಸಬೇಕು. ಹಾಸ್ಟೆಲ್ ಖಾತೆಯಲ್ಲಿ ಅಷ್ಟು ಹಣ ಇದ್ದೇ ಇರುತ್ತದೆ.

ನಾನು ಈಗ ಸಹಿಯ ಅಧಿಕಾರ ಬಿಟ್ಟುಕೊಟ್ಟಿದ್ದೇನೆ. ಬೆಂಗಳೂರಿನಲ್ಲೇ ಇರುವ ಇಬ್ಬರ ಜಂಟಿ ಸಹಿ ನಡೆಯುತ್ತದೆ. ನನಗೆ ನೆಟ್ ಬ್ಯಾಂಕಿಂಗ್‌ನಲ್ಲಿ ನೋಡುವ ಅನುಮತಿ ಮಾತ್ರ. ತಿಂಗಳ ಮೊದಲ ಭಾನುವಾರ ಸ್ಟೇಟ್‌ಮೆಂಟ್ ತೆಗೆದು ನೋಡುತ್ತೇನೆ, ಅರ್ಥ ಆಗದ್ದನ್ನು ಫೋನ್ ಬದಲು ಇಮೇಲ್‌ನಲ್ಲಿ ಕೇಳುತ್ತೇನೆ. ಒಪ್ಪದ ನಿರ್ಣಯಕ್ಕೆ ನನ್ನ ಅಸಮ್ಮತಿಯನ್ನು ಮೀಟಿಂಗ್ ಪುಸ್ತಕದಲ್ಲಿ ಬರೆಸುತ್ತೇನೆ. ಆಡಿಟ್ ವರದಿ, ರಿಟರ್ನ್ ಸಲ್ಲಿಸಿದ ರಸೀದಿ ನನ್ನ ಬಳಿಯೂ ಇರುತ್ತವೆ. ಮೊದಮೊದಲು ಖಜಾಂಚಿಯವರಿಗೆ ಬೇಜಾರಾಯಿತು, "ನಂಬಿಕೆ ಇಲ್ವಾ?" ಅಂದರು. ಈಗ ಅವರೇ ಭಾನುವಾರ ಬೆಳಿಗ್ಗೆ ಬಿಲ್‌ಗಳ ಸ್ಕ್ಯಾನ್ ಕಳಿಸುತ್ತಾರೆ.

ಬಿಡಬೇಕು ಅನ್ನಿಸಿದರೆ ರಾಜೀನಾಮೆ ಪತ್ರ ಕಳಿಸಿ ಕೂರಬೇಡಿ. ಅದನ್ನು ಅಂಗೀಕರಿಸಿದ ನಿರ್ಣಯದ ಪ್ರತಿ ಕೇಳಿ. ಬ್ಯಾಂಕಿನಲ್ಲಿ, ಆದಾಯ ತೆರಿಗೆಯ ಪೋರ್ಟಲ್‌ನಲ್ಲಿ ನಿಮ್ಮ ಹೆಸರು, ಫೋನ್ ನಂಬರ್ ಹೋಗಿದೆಯಾ ಎಂದು ನೀವೇ ಪರೀಕ್ಷಿಸಿ. ನನ್ನ ಗೆಳತಿಯೊಬ್ಬರು ಟ್ರಸ್ಟ್ ಬಿಟ್ಟು ಮೂರು ವರ್ಷ ಆದ ಮೇಲೂ ಅದರ ಬ್ಯಾಂಕ್ ಖಾತೆಯ ಒಟಿಪಿ ಅವರ ಫೋನಿಗೇ ಬರುತ್ತಿತ್ತು.