ಬಾರದವರ ಮನೆಗೆ ಹೋಗುವ ಕೆಲಸ

ಕಷ್ಟ ಬಂದಾಗ ಜನ ದೇವರ ಹತ್ತಿರ ಓಡಿ ಬರುತ್ತಾರೆ ಅನ್ನುವ ಮಾತಿದೆ. ನಮ್ಮ ಕ್ಯಾಥೊಲಿಕ್ ಧರ್ಮಕೇಂದ್ರದಲ್ಲಿ, ಅಂದರೆ ನಮ್ಮ ಚರ್ಚಿಗೆ ಸೇರಿದ ಕುಟುಂಬಗಳ ನಡುವೆ, ಮನೆಭೇಟಿಯ ಕೆಲಸ ನೋಡಿಕೊಳ್ಳುತ್ತಾ ನಾನು ಕಂಡದ್ದು ಬಹುಪಾಲು ಉಲ್ಟಾ. ಮೊದಲ ಕೆಲವು ವಾರ ಬರುತ್ತಾರೆ, ಮೊಂಬತ್ತಿ ಹಚ್ಚುತ್ತಾರೆ, ಒಂಬತ್ತು ದಿನದ ಪ್ರಾರ್ಥನೆಯಾದ ನೊವೇನಾ ಮಾಡುತ್ತಾರೆ. ಆಮೇಲೆ ಹಿಂದಿನ ಬೆಂಚಿಗೆ ಸರಿಯುತ್ತಾರೆ. ಕೊನೆಗೆ ಬರುವುದೇ ನಿಂತುಹೋಗುತ್ತದೆ. ಕೆಲಸ ಕಳೆದುಕೊಂಡವನಿಗೆ ಕಾಣಿಕೆ ಎತ್ತುವಾಗ ಕೈ ಖಾಲಿ ಇದ್ದರೆ ನಾಚಿಕೆ. ಗಂಡ ಬಿಟ್ಟುಹೋದವಳಿಗೆ 'ಅವರೆಲ್ಲಿ, ಬರಲಿಲ್ವಾ?' ಅನ್ನುವ ಪ್ರಶ್ನೆಯ ಭಯ. ಮಗು ಕಳೆದುಕೊಂಡ ತಾಯಿಗೆ ಬೇರೆಯವರ ಮಗುವಿನ ಜ್ಞಾನಸ್ನಾನ (ಬ್ಯಾಪ್ಟಿಸಂ) ನೋಡಿಕೊಂಡು ಕೂರಲು ಆಗುವುದಿಲ್ಲ. ಇವರ್ಯಾರೂ ಬಂದು ಸಹಾಯ ಕೇಳುವುದಿಲ್ಲ. ಸುಮ್ನೆ ಕಾಣೆಯಾಗುತ್ತಾರೆ.

ಹಾಗಾಗಿ ನಮ್ಮ ಮೊದಲ ಕೆಲಸ ಯಾರು ಬರುತ್ತಿಲ್ಲ ಎಂದು ಗಮನಿಸುವುದು. ಇದು ಪಾಲನಾ ಸಮಿತಿಯ ಮೀಟಿಂಗಿನಲ್ಲಿ ತಿಳಿಯುವ ವಿಷಯವಲ್ಲ. ದೇವಾಲಯ ಗುಡಿಸುವವರಿಗೆ ತಿಳಿದಿರುತ್ತದೆ. ಗಾಯನ ತಂಡದವರಿಗೆ ತಿಳಿದಿರುತ್ತದೆ, ಅವರು ಜನರ ಮುಖ ನೋಡುತ್ತಾ ನಿಂತಿರುತ್ತಾರೆ. ಎಲ್ಲರಿಗಿಂತ ಮೊದಲು ಗೊತ್ತಾಗುವುದು ಮಕ್ಕಳಿಗೆ ಧರ್ಮೋಪದೇಶ, ಅಂದರೆ ವಿಶ್ವಾಸದ ಪಾಠ, ಕಲಿಸುವ ಟೀಚರ್‌ಗಳಿಗೆ. ಚೂಟಿಯಾಗಿದ್ದ ಮಗು ಇದ್ದಕ್ಕಿದ್ದಂತೆ ಮಂಕಾದರೆ, ಇಲ್ಲವೇ ತಂಗಿಯನ್ನೂ ತಾನೇ ಕರೆದುಕೊಂಡು ಬರಲು ಶುರುಮಾಡಿದರೆ, ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ. ಇವರೆಲ್ಲ ನನ್ನ ಕಿವಿಗೆ ಒಂದು ಮಾತು ಹಾಕುತ್ತಾರೆ. ಅಷ್ಟು ಸಾಕು.

ಆ ಹೆಸರು ಎಲ್ಲೂ ಹೊರಗೆ ಹೋಗಬಾರದು. ವಾಟ್ಸಾಪ್ ಗುಂಪಿನಲ್ಲಿ ಹಾಕುವುದಿಲ್ಲ. ಬಲಿಪೂಜೆಯಲ್ಲಿ (ನಾವು ಸುಮ್ಮನೆ 'ಪೂಜೆ' ಅನ್ನುವ ಮಾಸ್) ವಿಶ್ವಾಸಿಗಳ ಪ್ರಾರ್ಥನೆ, ಅಂದರೆ ಎಲ್ಲರ ಪರವಾದ ಕೋರಿಕೆಗಳನ್ನು, ಓದುವಾಗ ಕೂಡ ಅವರನ್ನು ಕೇಳದೆ ಹೆಸರು ಹೇಳುವುದಿಲ್ಲ. 'ಪ್ರಾರ್ಥನೆ ಮಾಡಿ' ಅನ್ನುವ ನೆಪದಲ್ಲಿ ಊರಿಗೆಲ್ಲ ಸುದ್ದಿ ಹಬ್ಬಿಸುವುದು ನಮ್ಮಂಥವರಿಗೆ ಎಷ್ಟು ಸುಲಭ ಅಲ್ವಾ!

ಧರ್ಮಸಭೆಯ, ಅಂದರೆ ಇಡೀ ಕ್ಯಾಥೊಲಿಕ್ ಚರ್ಚಿನ, 1983ರ ಕಾನೂನು ಸಂಹಿತೆಯಲ್ಲಿ 529ನೇ ನಿಯಮ ಓದಿದಾಗ ನನಗೆ ಬಹಳ ಸಮಾಧಾನವಾಯಿತು. ಧರ್ಮಕೇಂದ್ರದ ಗುರುಗಳು (ಫಾದರ್) ಕುಟುಂಬಗಳನ್ನು ಭೇಟಿಮಾಡಬೇಕು, ಅವರ ಚಿಂತೆ ದುಃಖಗಳಲ್ಲಿ ಪಾಲುಗೊಳ್ಳಬೇಕು, ಬಡವರು, ನೊಂದವರು, ಒಂಟಿಯಾದವರು, ಊರು ಬಿಟ್ಟು ಬಂದವರು ಇವರನ್ನೆಲ್ಲ ವಿಶೇಷವಾಗಿ ಹುಡುಕಿಕೊಂಡು ಹೋಗಬೇಕು ಎಂದು ಅಲ್ಲಿದೆ. ಅಂದರೆ ಹುಡುಕಿಕೊಂಡು ಹೋಗುವುದು ಯಾರದೋ ಒಳ್ಳೆಯತನಕ್ಕೆ ಬಿಟ್ಟ ವಿಷಯವಲ್ಲ, ಕರ್ತವ್ಯ. ಆದರೆ ಒಬ್ಬ ಫಾದರ್ ಎಷ್ಟು ಮನೆಗೆ ಹೋದಾರು? ಅಲ್ಲಿ ನಮ್ಮಂಥವರ ಕೈ ಬೇಕಾಗುತ್ತದೆ.

ನಾವು ಹೋಗುವುದು ಇಬ್ಬಿಬ್ಬರಾಗಿ. ಇದು ಸಂತ ವಿನ್ಸೆಂಟ್ ದಿ ಪಾಲ್ ಸಭೆಯವರಿಂದ ಕಲಿತದ್ದು. 1832ರಲ್ಲಿ ಪ್ಯಾರಿಸ್ ನಗರವನ್ನು ಕಾಲರಾ ಹಿಂಡಿತ್ತು. ಮರುವರ್ಷ, 1833ರಲ್ಲಿ, ಫ್ರೆಡೆರಿಕ್ ಓಝನಾಂ ಎಂಬ ಇಪ್ಪತ್ತರ ಹುಡುಗ ಕಾಲೇಜಿನ ಗೆಳೆಯರನ್ನು ಸೇರಿಸಿಕೊಂಡು ಆ ಸಭೆ ಶುರುಮಾಡಿದ. ಬಡವರ ಮನೆಗಳಿಗೆ ಹೇಗೆ ಹೋಗಬೇಕೆಂದು ಅವರಿಗೆ ತೋರಿಸಿಕೊಟ್ಟವರು ಸಿಸ್ಟರ್ ರೊಸಾಲಿ ರಾಂದ್ಯು. ಇಬ್ಬರು ಹೋಗುವುದರಲ್ಲಿ ಲಾಭವಿದೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಗಮನಿಸಬಹುದು. ಔಷಧಿ ಚೀಟಿ ಹಾಗೇ ಬಿದ್ದಿದೆ, ಒಲೆ ತಣ್ಣಗಿದೆ, ಮಕ್ಕಳು ಶಾಲೆಗೆ ಹೋಗಿಲ್ಲ. ಮಕ್ಕಳು ಮಾತ್ರ ಇರುವ ಮನೆಯೊಳಗೆ ನಾವು ಕಾಲಿಡುವುದಿಲ್ಲ. ಈ ನಿಯಮಕ್ಕೆ ವಿನಾಯಿತಿ ಕೊಟ್ಟಿಲ್ಲ, ಕೊಡುವುದೂ ಇಲ್ಲ.

ಮೊದಲ ಭೇಟಿ ಚಿಕ್ಕದಿರಬೇಕು. ಮುಂಚೆ ಫೋನ್ ಮಾಡಿ, 'ಹತ್ತು ನಿಮಿಷ ಬಂದು ಹೋಗಲಾ?' ಎಂದು ಕೇಳುತ್ತೇವೆ. ಬೇಡ ಅಂದರೆ ಸರಿ, ಇನ್ನೊಂದು ವಾರ ಬಿಟ್ಟು ಮತ್ತೆ ಕೇಳುತ್ತೇವೆ. ಹೋದ ಮೇಲೆ 'ಯಾಕೆ ಪೂಜೆಗೆ ಬರ್ತಿಲ್ಲ?' ಅನ್ನುವ ಮಾತು ಬಾಯಿಂದ ಬರಲೇಬಾರದು. ಹೊಸದಾಗಿ ತಂಡಕ್ಕೆ ಸೇರುವವರಿಗೆ ನಾನು ಮೊದಲು ಹೇಳುವುದೇ ಇದು. ಆ ಪ್ರಶ್ನೆ ಬಂದ ಕೂಡಲೇ ಭೇಟಿ ಹಾಜರಿ ತೆಗೆದುಕೊಳ್ಳುವ ಕೆಲಸವಾಗಿಬಿಡುತ್ತದೆ.

ಮಾತಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಭಕ್ತಿವಂತರ ಬಾಯಿಂದ ಬರುವಷ್ಟು ನೋವಿನ ಮಾತು ಬೇರೆಯವರಿಂದ ಬರುವುದಿಲ್ಲ. 'ಎಲ್ಲಾ ದೇವರ ಚಿತ್ತ.' 'ದೇವರಿಗೆ ಒಳ್ಳೆಯವರೇ ಬೇಕು, ಅದಕ್ಕೇ ಕರ್ಕೊಂಡ.' 'ತಾಳಲಾರದಷ್ಟು ಕಷ್ಟ ದೇವರು ಕೊಡಲ್ಲ.' ಈ ಕೊನೆಯದನ್ನು ಹೇಳುವವರು ಬೈಬಲಿನಲ್ಲಿರುವ ಸಂತ ಪೌಲರ ಪತ್ರದಲ್ಲಿದೆ ಎಂದು ವಾದಿಸುತ್ತಾರೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹತ್ತನೇ ಅಧ್ಯಾಯ ತೆಗೆದು ನೋಡಿ. ಅಲ್ಲಿ ಪೌಲರು ಮಾತಾಡುತ್ತಿರುವುದು ಪಾಪಕ್ಕೆ ಎಳೆಯುವ ಶೋಧನೆಯ ಬಗ್ಗೆ. ಕ್ಯಾನ್ಸರ್ ಬಂದವರ ಮಂಚದ ಪಕ್ಕ ಅದನ್ನು ತಂದು ಹಾಕುವುದು ಸರಿಯಲ್ಲ.

ನಮಗೆ ಪಾಠ ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು. ಅವರು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕುಳಿತರು, ಒಂದು ಮಾತೂ ಆಡಲಿಲ್ಲ. ಅಷ್ಟರವರೆಗೆ ಅವರದ್ದು ಚಿನ್ನದಂಥ ಕೆಲಸ. ಬಾಯಿ ತೆರೆದು ವಿವರಣೆ ಕೊಡಲು ಶುರುಮಾಡಿದ ಮೇಲೆ ಎಲ್ಲ ಕೆಟ್ಟಿತು. ನಾನು ಏನೂ ತೋಚದಿದ್ದಾಗ 'ಇದಕ್ಕೆ ಏನು ಹೇಳಬೇಕೋ ನನಗೆ ಗೊತ್ತಾಗ್ತಿಲ್ಲ' ಎಂದು ಹಾಗೇ ಹೇಳಿಬಿಡುತ್ತೇನೆ. ಪ್ರಾರ್ಥನೆ ಬೇಕಾ ಎಂದು ಕೇಳಿಯೇ ಮಾಡುತ್ತೇನೆ. ದೇವರ ಮೇಲೆ ಸಿಟ್ಟಿರುವವರ ಮುಂದೆ ಒಂದೆರಡು ಸಲ ಕೀರ್ತನೆ 88 ಓದಿದ್ದೇನೆ. ಬೇರೆ ಶೋಕಗೀತೆಗಳು ಕೊನೆಗೆ ಎಲ್ಲೋ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. 'ಇದೂ ಬೈಬಲಿನಲ್ಲಿದೆಯಾ?' ಎಂದು ಒಬ್ಬರು ಕೇಳಿದ್ದರು. ಇದೆ.

ರೋಗಿಗಳಿರುವ ಮನೆಗೆ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ, ಒಯ್ಯುವುದೂ ನಮ್ಮ ಪಾಲಿನ ಕೆಲಸ. 1973ರಲ್ಲಿ ರೋಮ್ ಕೊಟ್ಟ ಅನುಮತಿಯಿಂದಾಗಿ ಧರ್ಮಾಧ್ಯಕ್ಷರು (ಬಿಷಪ್) ಒಪ್ಪಿಗೆ ಕೊಟ್ಟ ಸಾಮಾನ್ಯ ವಿಶ್ವಾಸಿಗಳೂ ಇದನ್ನು ಮಾಡಬಹುದು. ಪೂಜೆ ಮುಗಿದ ಮೇಲೆ ಪುಟ್ಟ ಡಬ್ಬಿಯಲ್ಲಿ ಇಟ್ಟುಕೊಂಡು ನೇರವಾಗಿ ಆ ಮನೆಗೆ ಹೋಗಬೇಕು. ದಾರಿಯಲ್ಲಿ ಅಂಗಡಿಗೆ ನುಗ್ಗುವುದು, ಪರಿಚಯದವರ ಜೊತೆ ಹರಟುವುದು ಇಲ್ಲ. ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಏನೂ ತಿನ್ನಬಾರದು ಅನ್ನುವ ನಿಯಮ ವಯಸ್ಸಾದವರಿಗೆ, ರೋಗಿಗಳಿಗೆ ಅನ್ವಯಿಸುವುದಿಲ್ಲ. ಅವರನ್ನು ನೋಡಿಕೊಳ್ಳುವವರಿಗೂ ಅನ್ವಯಿಸುವುದಿಲ್ಲ. ಈ ನಿಯಮ ಬರೆದವರು ಯಾರೋ ಒಮ್ಮೆ ರೋಗಿಯ ಪಕ್ಕ ರಾತ್ರಿಯಿಡೀ ಕೂತಿದ್ದಿರಬೇಕು ಅಂತ ನನಗೆ ಅನ್ನಿಸುತ್ತದೆ. ಮನೆಯಲ್ಲಿ ಎಲ್ಲರ ಕಣ್ಣು ರೋಗಿಯ ಮೇಲೆ ಇರುತ್ತದೆ, ನೋಡಿಕೊಳ್ಳುವ ಸೊಸೆಯನ್ನೋ ಮಗನನ್ನೋ ಯಾರೂ ಕೇಳುವುದಿಲ್ಲ. ನಾವಿಬ್ಬರು ಹೋದಾಗ ಒಬ್ಬರು ರೋಗಿಯ ಹತ್ತಿರ ಕೂರುತ್ತೇವೆ, ಇನ್ನೊಬ್ಬರು ಅಡುಗೆಮನೆಗೆ ಹೋಗಿ 'ನೀನು ನಿದ್ದೆ ಮಾಡಿ ಎಷ್ಟು ದಿನ ಆಯ್ತಮ್ಮ?' ಎಂದು ಕೇಳುತ್ತೇವೆ. ಅಳು ಬರುವುದು ಸಾಮಾನ್ಯವಾಗಿ ಅಡುಗೆಮನೆಯಲ್ಲೇ.

ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಅಭ್ಯಂಗ ಸಂಸ್ಕಾರದ ಬಗ್ಗೆ ಇನ್ನೂ ಹೆದರಿಕೆ ಹೋಗಿಲ್ಲ. ಫಾದರ್ ಎಣ್ಣೆ ತೆಗೆದುಕೊಂಡು ಬಂದರೆ ಕಥೆ ಮುಗಿಯಿತು ಎಂದು ಮನೆಯವರು ತಿಳಿಯುತ್ತಾರೆ. 'ಈಗಲೇ ಕರೀಬೇಡಿ, ಅಪ್ಪ ಹೆದರಿಬಿಡ್ತಾರೆ' ಅನ್ನುತ್ತಾರೆ. ಆಮೇಲೆ ಪ್ರಜ್ಞೆ ತಪ್ಪಿದ ಮೇಲೆ ನಡುರಾತ್ರಿ ಓಡಿ ಬರುತ್ತಾರೆ. ಇದು ಸಾಯುವ ಗಳಿಗೆಗೆ ಮಾತ್ರ ಮೀಸಲಾದದ್ದಲ್ಲ ಎಂದು ಲೋಕದ ಧರ್ಮಾಧ್ಯಕ್ಷರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಸ್ಪಷ್ಟವಾಗಿ ಹೇಳಿದೆ. ಕಾಯಿಲೆಯಿಂದಲೋ ಮುಪ್ಪಿನಿಂದಲೋ ಜೀವಕ್ಕೆ ಅಪಾಯ ಶುರುವಾದಾಗಲೇ ಪಡೆಯಬಹುದು. ವಾಸಿಯಾಗಿ ಮತ್ತೆ ಕಾಯಿಲೆ ಬಿದ್ದರೆ, ಇಲ್ಲವೇ ಅದೇ ಕಾಯಿಲೆ ಉಲ್ಬಣಿಸಿದರೆ ಮತ್ತೆ ಪಡೆಯಬಹುದು. ಅಭ್ಯಂಗ ಮಾಡುವ ಅಧಿಕಾರ ಇರುವುದು ಧರ್ಮಾಧ್ಯಕ್ಷರಿಗೆ ಮತ್ತು ಗುರುಗಳಿಗೆ ಮಾತ್ರ, ನಮಗಲ್ಲ. ನಮ್ಮ ಕೆಲಸ ಅವರನ್ನು ಸಮಯಕ್ಕೆ ಕರೆಸುವುದು. ರೋಗಿ ಎಚ್ಚರವಾಗಿದ್ದು, ಹಣೆಗೂ ಅಂಗೈಗೂ ಎಣ್ಣೆ ಹಚ್ಚುವಾಗ ತಾನೇ 'ಆಮೆನ್' ಹೇಳುವುದನ್ನು ಒಮ್ಮೆ ನೋಡಿದ ಮನೆಯವರು ಆಮೇಲೆ ಬೇರೆಯವರಿಗೂ 'ಬೇಗ ಕರೆಸಿ' ಎಂದು ಹೇಳಿದ್ದಾರೆ. ನನ್ನ ಹತ್ತು ವಿವರಣೆಗಿಂತ ಅದೇ ಹೆಚ್ಚು ಕೆಲಸ ಮಾಡುತ್ತದೆ.

ಹಣದ ವಿಷಯ. ಇದು ಕಷ್ಟ ಎಂದು ಜನ ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ ಉಳಿದದ್ದಕ್ಕಿಂತ ಸುಲಭ. ಕಾಣಿಕೆ ಡಬ್ಬಿಯಲ್ಲಿ ಬರುವುದಕ್ಕೆ ಲೆಕ್ಕ ಇಡಬೇಕು, ಇಬ್ಬರು ಸೇರಿ ಎಣಿಸಬೇಕು, ಕೊಡುವಾಗಲೂ ಇಬ್ಬರಿಗೆ ಗೊತ್ತಿರಬೇಕು. ಲೆಕ್ಕದ ಪುಸ್ತಕದಲ್ಲಿ ಹೆಸರಿನ ಬದಲು ನಂಬರ್ ಇರುತ್ತದೆ. ಸಹಾಯ ಕೊಡುವಾಗ ಫೋಟೋ ತೆಗೆಯುವ ಪದ್ಧತಿಯನ್ನು ನಾನು ಮೊದಲಿನಿಂದಲೂ ವಿರೋಧಿಸಿದ್ದೇನೆ. ದಾನಿಗಳಿಗೆ ತೋರಿಸಬೇಕಲ್ಲ ಅನ್ನುತ್ತಾರೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದ ಯೇಸುಸ್ವಾಮಿಯ ಮಾತನ್ನು ಅದೇ ದಾನಿಗಳು ಉಪವಾಸಕಾಲ ಶುರುವಾಗುವ ಪ್ರತಿ ವಿಭೂತಿ ಬುಧವಾರ ಕೇಳುತ್ತಾರೆ, ಅಷ್ಟು ಸಾಕು.

ಸತ್ತವರಿಗಾಗಿ ಪೂಜೆ ಹೇಳಿಸಲು ಕಾಣಿಕೆ ಇಲ್ಲ ಎಂದು ಸುಮ್ಮನಿರುವವರೂ ಇದ್ದಾರೆ. ಅವರಿಗೆ ನಾನು ನೇರವಾಗಿ ಹೇಳುತ್ತೇನೆ: ಕಾಣಿಕೆ ಇಲ್ಲದಿದ್ದರೂ ಬಡವರ ಕೋರಿಕೆಗಾಗಿ ಪೂಜೆ ಒಪ್ಪಿಸಿ ಎಂದು ಗುರುಗಳಿಗೆ ಧರ್ಮಸಭೆಯೇ ಶಿಫಾರಸು ಮಾಡಿದೆ. ಬಡತನದ ಕಾರಣಕ್ಕೆ ಯಾರಿಗೂ ಸಂಸ್ಕಾರಗಳು ತಪ್ಪಬಾರದು, ಸರಿಯಾದ ಅಂತ್ಯಕ್ರಿಯೆಯೂ ತಪ್ಪಬಾರದು. ಇದು ಯಾರ ಔದಾರ್ಯವೂ ಅಲ್ಲ, ಬರೆದಿಟ್ಟ ನಿಯಮ.

ಕೋವಿಡ್ ಬಂದಾಗ ಈ ಇಡೀ ವ್ಯವಸ್ಥೆ ಒಂದೇ ವಾರದಲ್ಲಿ ನಿಂತುಹೋಯಿತು. ದೇವಾಲಯಕ್ಕೆ ಬೀಗ, ಮನೆಗಳಿಗೆ ಹೋಗುವಂತಿಲ್ಲ. 2020ರ ಮಾರ್ಚ್ 27ರಂದು ಪೋಪ್ ಫ್ರಾನ್ಸಿಸ್ ಮಳೆಯಲ್ಲಿ, ಖಾಲಿಯಾಗಿದ್ದ ಸಂತ ಪೇತ್ರರ ಚೌಕದಲ್ಲಿ ನಿಂತು ಪ್ರಾರ್ಥಿಸಿದ್ದನ್ನು ಎಲ್ಲರೂ ಫೋನಿನಲ್ಲಿ ನೋಡಿದೆವು. ಅವತ್ತು ಓದಿದ್ದು ಮಾರ್ಕರ ಶುಭಸಂದೇಶದಲ್ಲಿ ಬರುವ ಬಿರುಗಾಳಿಯ ಭಾಗ. ದೋಣಿ ಮುಳುಗುತ್ತಿದೆ, ಯೇಸು ಮಲಗಿದ್ದಾನೆ. ನಮ್ಮ ತಂಡ ಮಾಡಿದ್ದು ಇಷ್ಟೇ: ವಿಳಾಸದ ಪುಸ್ತಕ ಹಂಚಿಕೊಂಡು ಫೋನ್ ಮಾಡಲು ಕೂತೆವು. ಮೊದಲು ಒಂಟಿಯಾಗಿರುವವರು, ಆಮೇಲೆ ಉಳಿದವರು. ಔಷಧಿ ಇದೆಯಾ, ಯಾರ ಜೊತೆಯಾದರೂ ಮಾತಾಡಿದ್ರಾ ಎಂದು ಕೇಳುವುದು. ಹೆಣದ ಮುಖ ನೋಡಲಾಗದೆ ಹೂಳಿದ ಮನೆಯವರಿಗಾಗಿ, ಬಾಗಿಲು ತೆರೆದ ಮೇಲೆ ಫಾದರ್ ಒಬ್ಬೊಬ್ಬರ ಹೆಸರು ಹೇಳಿ ಪೂಜೆ ಒಪ್ಪಿಸಿದರು. ತಡವಾಗಿತ್ತು, ಆದರೂ ಜನಕ್ಕೆ ಅದು ಬೇಕಿತ್ತು.

ಆತ್ಮಹತ್ಯೆ ಆದ ಮನೆಗೆ ಹೋಗುವುದು ಎಲ್ಲಕ್ಕಿಂತ ಭಾರ. 'ನಮ್ಮ ಹುಡುಗನಿಗೆ ಚರ್ಚಿನಲ್ಲಿ ಪೂಜೆ ಮಾಡ್ತಾರಾ?' ಎಂದು ಮೆಲ್ಲಗೆ ಕೇಳುತ್ತಾರೆ. ಹಿರಿಯರ ನೆನಪಿನಲ್ಲಿ ಇರುವುದು 1917ರ ಹಳೆಯ ಕಾನೂನು. ಅದರಲ್ಲಿ ನಿರಾಕರಣೆ ಇತ್ತು. 1983ರ ಸಂಹಿತೆಯಲ್ಲಿ ಅದು ಇಲ್ಲ. ತೀವ್ರ ಮಾನಸಿಕ ಯಾತನೆ ಅವರ ಹೊಣೆಯನ್ನು ಕಡಿಮೆ ಮಾಡಬಹುದು, ಅವರ ಆತ್ಮದ ರಕ್ಷಣೆಯ ಬಗ್ಗೆ ಆಸೆ ಬಿಡಬಾರದು ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ. ಇದನ್ನು ನಾನು ಹೇಳುವುದಕ್ಕಿಂತ ಫಾದರ್ ಬಾಯಿಂದಲೇ ಅವರು ಕೇಳಲಿ ಎಂದು ಅದೇ ದಿನ ಕರೆದುಕೊಂಡು ಹೋಗುತ್ತೇನೆ. ಪರಿಚಯದವರಲ್ಲಿ ಯಾರಿಗಾದರೂ ಬದುಕು ಸಾಕು ಅನ್ನಿಸುತ್ತಿದ್ದರೆ ಪ್ರಾರ್ಥನೆ ಜೊತೆಗೆ ಡಾಕ್ಟರ್ ಹತ್ತಿರ ಕರೆದೊಯ್ಯುವುದೂ ನಮ್ಮದೇ ಕೆಲಸ. ಮನೆಯಲ್ಲಿ ಹೊಡೆತ ತಿನ್ನುವವರಿಗೆ 'ಸಹಿಸಿಕೋ, ಶಿಲುಬೆ ಹೊರು' ಅನ್ನುವವರು ನಮ್ಮ ತಂಡದಲ್ಲಿ ಬೇಡ.

ಸಾವಾದ ಮನೆಯಲ್ಲಿ ಮೊದಲ ವಾರ ಕಾಲಿಡಲು ಜಾಗವಿರುವುದಿಲ್ಲ. ನಮ್ಮ ಸರದಿ ಬರುವುದು ನೆಂಟರೆಲ್ಲ ಹೊರಟ ಮೇಲೆ. ಮೂರನೇ ತಿಂಗಳಿನ ಹೊತ್ತಿಗೆ ಯಾರೂ ಆ ಹೆಸರು ಎತ್ತುವುದಿಲ್ಲ, ಆಗ ಹೋಗಿ ಹೆಸರು ಹಿಡಿದೇ ಮಾತಾಡುತ್ತೇವೆ. ನವೆಂಬರ್‌ನಲ್ಲಿ ಸತ್ತವರ ಸ್ಮರಣೆಯ ಪೂಜೆಗೆ ಆ ವರ್ಷ ಸಾವಾದ ಪ್ರತಿ ಮನೆಗೂ ಖುದ್ದಾಗಿ ಕರೆ ಹೋಗುತ್ತದೆ. ಬರದಿದ್ದವರ ಮನೆಗೆ ಆಮೇಲೆ ಹೋಗುತ್ತೇವೆ.

ಪಾಲನಾ ಸಮಿತಿಯಲ್ಲಿ ಒಮ್ಮೆ ಒಬ್ಬರು ಕೇಳಿದರು, ಇಷ್ಟೆಲ್ಲ ಓಡಾಡಿ ಎಷ್ಟು ಜನ ವಾಪಸ್ ಬಂದರು ಎಂದು. ಆ ಲೆಕ್ಕ ನಾನು ಇಟ್ಟಿಲ್ಲ, ಇಡುವ ಮನಸ್ಸೂ ಇಲ್ಲ. ಕೆಲವರು ಬರುತ್ತಾರೆ, ಕೆಲವರು ಎಂದೂ ಬರುವುದಿಲ್ಲ, ಬಾಗಿಲು ಮಾತ್ರ ತೆರೆಯುತ್ತಾರೆ.

ತಂಡದವರಿಗೂ ಸುಸ್ತಾಗುತ್ತದೆ. ಒಬ್ಬರಿಗೇ ಸಾಲಾಗಿ ಸಾವಿನ ಮನೆಗಳನ್ನು ಕೊಡುವುದಿಲ್ಲ. ತಮ್ಮ ಮನೆಯಲ್ಲೇ ಸಾವಾದವರಿಗೆ ಆ ವರ್ಷ ಕೆಲಸವೇ ಇಲ್ಲ, ಅವರ ಮನೆಗೆ ನಾವು ಹೋಗುತ್ತೇವೆ. ಕಾಲು ಕೂತುಹೋಗಿ ಮನೆ ಬಿಟ್ಟು ಬರಲಾಗದ ಹಿರಿಯರಿಗೆ ಫೋನಿನ ಕೆಲಸ ಕೊಟ್ಟಿದ್ದೇವೆ. ಸ್ವತಃ ನೋವು ಉಂಡವರು, ಅವರಿಗೆ ಅವಸರವೂ ಇಲ್ಲ. ಅವರಲ್ಲಿ ಒಬ್ಬ ಅಜ್ಜಿಯಂತೂ ವಾರಕ್ಕೆ ಒಂದೇ ಒಂದು ಹೆಸರು ಕೊಡ್ತೀಯ ಅಂತ ನನ್ನ ಮೇಲೆ ಫಾದರ್‌ಗೆ ದೂರು ಹೇಳಿದ್ದಾರೆ.